ತೊಳೆದ ಮೇಲೆ ಆರು ಟೋಪಿ

ಲೂಪ್ ಕ್ರಾಸಿಂಗ್, ನೆಬ್ರಾಸ್ಕಾ
೮ ಅಕ್ಟೋಬರ್ ೧೯೭೮

ಐಡೆಲ್ಲಾ,

ಲಕೋಟೆಯ ಮೇಲೆ ನನ್ನ ಹೆಸರು ನೋಡಿಯೂ ಇದನ್ನು ಒಡೆದಿದ್ದೀಯ ಎಂದಾದರೆ ನಿನ್ನದು ದೊಡ್ಡ ಮನಸ್ಸು. ವಿಳಾಸ ಕೊಟ್ಟವಳು ಬರ್ಡೆಟ್‌ನ ಹೆಂಡತಿ ವೈನೋನಾ. ಕೊಡುವ ಮುಂಚೆ ಹತ್ತು ನಿಮಿಷ ಬೈದಳು. ಬೈಸಿಕೊಳ್ಳುತ್ತಲೇ ಬರೆದುಕೊಂಡೆ.

ಅಕ್ಷರ ಹೀಗೆ ಸೊಟ್ಟಗಿರುವುದಕ್ಕೆ ಕುಡಿತ ಕಾರಣವಲ್ಲ. ಹೋದ ವರ್ಷದಿಂದ ಬಲಗೈ ನಡುಗುತ್ತಿದೆ. ಇದು ಹೋಗುವ ನಡುಕವಲ್ಲ ಎಂದು ಡಾಕ್ಟರು ಹೇಳಿಯಾಯಿತು. ನಲವತ್ತು ವರ್ಷ ಗಾಳಿಯಂತ್ರಗಳನ್ನು ಹತ್ತಿ ಇಳಿದು ರಿಪೇರಿ ಮಾಡಿದವನು ಈಗ ಕೆಳಗೆ ಕುರ್ಚಿ ಹಾಕಿಕೊಂಡು ಅವುಗಳ ರೆಕ್ಕೆ ತಿರುಗುವುದನ್ನು ನೋಡುತ್ತೇನೆ. ನೋಡುತ್ತ ನೋಡುತ್ತ ಮಧ್ಯಾಹ್ನವೇ ಕಣ್ಣು ಮುಚ್ಚಿಹೋಗುತ್ತದೆ. ಆಗ ಹುಲ್ಲುಗುಡ್ಡಗಳೆಲ್ಲ ಮೆಲ್ಲಗೆ ಮೇಲೆದ್ದು ಕೆಳಗಿಳಿಯುತ್ತವೆ, ಮಲಗಿದ ದನದ ಹೊಟ್ಟೆಯ ಹಾಗೆ. ಎಚ್ಚರಾದ ಮೇಲೂ ಅವು ನಿಂತಿವೆಯೋ ಇಲ್ಲವೋ ಎಂದು ಸ್ವಲ್ಪ ಹೊತ್ತು ಅನುಮಾನ.

ನಿನ್ನೆ ನಮ್ಮ ಕರಿಮದ್ದಿನ ಗುರಿಕಾರರ ಕ್ಲಬ್ಬಿನ ವರ್ಷದ ಕಡೆಯ ಪಂದ್ಯ. ಮುತ್ತಾತನ ಅದೇ ಹಳೆಯ ರಿವಾಲ್ವರಿನಿಂದ ಹನ್ನೆರಡು ಗುಂಡು ಹೊಡೆದೆ. ಒಂಬತ್ತು ಎಲ್ಲಿಗೆ ಹೋದವೋ ದೇವರಿಗೇ ಗೊತ್ತು. ಮನೆಗೆ ಬಂದು ತೊಳೆಯಲು ಕೂತರೆ ಬೆರಳು ಮಾತು ಕೇಳಲೊಲ್ಲದು. ನಿಮ್ಮಪ್ಪ ಗುಸ್ಟಾವ್ ಗುಂಡಿನ ಬಯಲಿನಲ್ಲಿ ಹಾಕಿಸಿದ್ದ ಆ ತಗಡಿನ ಮೇಜು ಈಗಲೂ ಇದೆ, ಆದರೆ ಅಲ್ಲಿ ಯಾರೂ ತೊಳೆಯುವುದಿಲ್ಲ. ಅವನ ನಂತರ ನೀನು ಹದಿನಾರು ವರ್ಷ ನಮ್ಮೆಲ್ಲರ ಮುದಿ ರಿವಾಲ್ವರುಗಳನ್ನು ಮಕ್ಕಳಿಗೆ ಮೀಯಿಸಿದ ಹಾಗೆ ಮೀಯಿಸಿ ಕೊಡುತ್ತಿದ್ದೆ. ನೀನು ಹೋದ ಮೇಲೆ ಅವರವರದು ಅವರವರ ಅಡುಗೆಮನೆಯಲ್ಲಿ.

ನೀನು ಯಾಕೆ ಹೋದೆ ಎಂಬುದನ್ನು ಮರೆತವನಂತೆ ಬರೆಯುತ್ತಿಲ್ಲ. ಅರವತ್ತೇಳರ ಅಕ್ಟೋಬರಿನಲ್ಲಿ, ಅಷ್ಟೂ ಜನರೆದುರು, ನಳಿಗೆಯೊಳಗಿನ ಕೆಂಪು ತುಕ್ಕು ತೋರಿಸಿ, "ಇದನ್ನ ನಿನ್ ಕೈಗೆ ಕೊಟ್ಟಿದ್ದೇ ನನ್ನ ತಪ್ಪು" ಎಂದವನು ನಾನೇ.

ಸದ್ಯಕ್ಕೆ ಕೇಳುವುದು ಇಷ್ಟೇ. ನೀರು ಎಷ್ಟು ಬಿಸಿ ಇರಬೇಕು? ನೀನು ಬೆರಳು ಅದ್ದಿ ನೋಡುತ್ತಿದ್ದೆ. ನನ್ನ ಬೆರಳಿಗೆ ಈಗ ಏನೂ ಸರಿಯಾಗಿ ತಿಳಿಯುವುದಿಲ್ಲ.

ಹಳೆಯ ಪರಿಚಯದ
ಥೆರನ್ ಮ್ಯಾಡಕ್


ಶೈಯನ್, ವಯೋಮಿಂಗ್
೨ ನವೆಂಬರ್ ೧೯೭೮

ಶ್ರೀ ಮ್ಯಾಡಕ್ ಅವರಿಗೆ,

ಕಬ್ಬಿಣದ ಬಗ್ಗೆ ಕೇಳಿದ್ದೀರಿ, ಕಬ್ಬಿಣಕ್ಕಾಗಿ ಉತ್ತರಿಸುತ್ತಿದ್ದೇನೆ.

ಮೊದಲು ಉರುಳೆಯಲ್ಲಿ ಗುಂಡು ತುಂಬುವ ಆರೂ ಮನೆಗಳು ಖಾಲಿ ಇವೆಯೇ ಎಂದು ಎರಡು ಸಲ ನೋಡಿ. ಬೆಣೆ ತೆಗೆದು ನಳಿಗೆ, ಉರುಳೆ, ಹಿಡಿ ಬೇರೆ ಮಾಡಿ. ಉರುಳೆಯ ಹಿಂದೆ, ಮದ್ದಿಗೆ ಕಿಡಿ ಹಚ್ಚುವ ತಾಮ್ರದ ಟೋಪಿ ಕೂರಿಸುವ ಆರು ಪುಟ್ಟ ತೊಟ್ಟುಗಳನ್ನು ಬಿಚ್ಚಿಡಿ. ಬೆರಳಿಗೆ ಆಗದಿದ್ದರೆ ತೊಟ್ಟು ಬಿಚ್ಚುವ ಚಾವಿಗೆ ಒಂದು ಉದ್ದನೆಯ ಮರದ ಹಿಡಿ ಕಟ್ಟಿಕೊಳ್ಳಿ, ನಡುಕ ಅರ್ಧಕ್ಕೆ ಇಳಿಯುತ್ತದೆ. ಸೋಪು ಕದಡಿದ ಬಿಸಿನೀರಿನಲ್ಲಿ ಮುಳುಗಿಸಿ, ಬ್ರಷ್ ಹಾಕಿ ಉಜ್ಜಿ. ಕೊಳೆತ ಮೊಟ್ಟೆಯ ವಾಸನೆ ಹೋಗುವವರೆಗೆ ನೀರು ಬದಲಿಸಿ. ಕೊನೆಯ ನೀರು ಕುದಿಯುತ್ತಿರಬೇಕು. ಕಬ್ಬಿಣಕ್ಕೇ ಬಿಸಿ ಹತ್ತಿದರೆ ಅದರ ಮೇಲಿನ ನೀರನ್ನು ಅದೇ ಆರಿಸಿಕೊಳ್ಳುತ್ತದೆ. ಬೆಚ್ಚಗಿರುವಾಗಲೇ ಕುರಿಕೊಬ್ಬು, ಜೇನುಮೇಣ ಕೂಡಿಸಿದ್ದನ್ನು ತೆಳ್ಳಗೆ ಸವರಿ. ಮೋಟಾರಿನ ಎಣ್ಣೆ ಮಾತ್ರ ಬೇಡ, ಕರಿಮದ್ದಿನ ಮಸಿಗೆ ಅದು ಸೇರಿದರೆ ಡಾಂಬರು.

ನೀರಿಗೆ ಹೆದರಿ ಬರೀ ಎಣ್ಣೆ ಒರೆಸುವವರು ಬಹಳ. ಮದ್ದಿನ ಹೊಗೆಯಲ್ಲಿ ಇರುವುದು ಉಪ್ಪು. ಉಪ್ಪು ಎಣ್ಣೆಗೆ ಬಗ್ಗುವುದಿಲ್ಲ, ನೀರಿಗೇ ಬಗ್ಗಬೇಕು. ಅಪ್ಪ ಇದನ್ನು ನನಗೆ ಒಂಬತ್ತನೆಯ ವಯಸ್ಸಿನಲ್ಲಿ ಹೇಳಿಕೊಟ್ಟಿದ್ದರು.

ಮತ್ತೆ ಬರೆಯುವ ಅಗತ್ಯವಿಲ್ಲ.

ಐಡೆಲ್ಲಾ ಕ್ರೌಸ್

ಮೂರನೆಯ ದಿನ ಒಮ್ಮೆ, ಹತ್ತನೆಯ ದಿನ ಒಮ್ಮೆ ಬಿಳಿ ಬಟ್ಟೆಯಲ್ಲಿ ಒರೆಸಿ ನೋಡಿ. ಬಟ್ಟೆಗೆ ಕಂದು ಹತ್ತಿದರೆ ಎಲ್ಲವನ್ನೂ ಮೊದಲಿನಿಂದ.


ಲೂಪ್ ಕ್ರಾಸಿಂಗ್
೨೬ ನವೆಂಬರ್ ೧೯೭೮

ಐಡೆಲ್ಲಾ,

ಅಗತ್ಯವಿಲ್ಲ ಎಂದೆ. ಅಗತ್ಯವಿಲ್ಲದ್ದನ್ನು ಮಾಡುವುದರಲ್ಲಿ ನಾನು ಮೊದಲಿನಿಂದಲೂ ಮುಂದು.

ಚಾವಿಗೆ ಪೊರಕೆಯ ಹಿಡಿಕೋಲಿನ ತುಂಡು ಕಟ್ಟಿದೆ. ಆರು ತೊಟ್ಟು ಬಿಚ್ಚಲು ಮುಕ್ಕಾಲು ಗಂಟೆ ಹಿಡಿಯಿತು, ಒಂದು ಒಲೆಯಡಿಗೆ ಉರುಳಿತು, ಹೊಟ್ಟೆಯ ಮೇಲೆ ಮಲಗಿ ತೆಗೆದೆ. ಹೊರಗೆ ಮೊದಲ ಹಿಮ. ಬಾಣಲೆಯ ನೀರು ಕುದಿಯುತ್ತ ಕಿಟಕಿಯೆಲ್ಲ ಮಂಜಾಗಿ, ಅಂಗಳ ಹೋಯಿತು, ಗುಡ್ಡ ಹೋಯಿತು, ಆಮೇಲೆ ಊರೇ ಹೋಯಿತು. ಅಡುಗೆಮನೆಯಲ್ಲಿ ನಾನು, ಹಬೆ, ಗಂಧಕದ ವಾಸನೆ. ಆ ಹಬೆಯಲ್ಲಿ ಯಾರೋ ಏಪ್ರನ್ ಕಟ್ಟಿಕೊಂಡು ನನಗೆ ಬೆನ್ನು ಹಾಕಿ ನಿಂತಿದ್ದಾರೆ ಅನಿಸಿತು. ಕರೆದರೆ ತಿರುಗುತ್ತಾರೆ ಎಂದು ಹೆದರಿ ಕರೆಯಲಿಲ್ಲ. ಅಷ್ಟರಲ್ಲಿ ಕ್ಲೈಟಸ್ ಬಾಗಿಲು ತಳ್ಳಿಕೊಂಡು ಬಂದ. ಕಾಳಿನ ಗೋದಾಮಿನ ಕ್ಲೈಟಸ್, ನಿನಗೆ ನೆನಪಿರಬೇಕು, ಇನ್ನೂ ಹಾಗೇ ಇದ್ದಾನೆ, ಹೊಟ್ಟೆ ಮಾತ್ರ ಎರಡರಷ್ಟು.

"ಏನೋ, ಸಾರು ಮಾಡ್ತಿದೀಯಾ?" ಎಂದ.

"ಹೂಂ, ಮುತ್ತಾತನ ಸಾರು. ಒಂದ್ ಬಟ್ಲು ಕುಡೀತೀಯಾ?"

"ವಾಸ್ನೆ ನೋಡಿದ್ರೆ ಮುತ್ತಾತ ಸತ್ತಾಗ್ಲಿಂದ ಕುದೀತಾ ಇದೆ ಕಣೋ!"

ಹತ್ತನೆಯ ದಿನ ಬಿಳಿ ಬಟ್ಟೆ ಬಿಳಿಯಾಗಿಯೇ ಬಂತು. ಆ ಬಟ್ಟೆಯನ್ನು ನಿನಗೆ ಕಳಿಸೋಣ ಎಂದುಕೊಂಡೆ, ನಾಚಿಕೆಯಾಗಿ ಬಿಟ್ಟೆ.

ಇನ್ನೊಂದು ಕೇಳಬೇಕಿತ್ತು. ತೊಳೆದ ಮೇಲೆ ತೊಟ್ಟಿನ ಸಣ್ಣ ತೂತಿನಲ್ಲಿ ನೀರು ನಿಂತಿರಬಹುದೆಂದು, ಗುಂಡಿಲ್ಲದೆ ಮದ್ದಿಲ್ಲದೆ ಬರೀ ಒಂದೊಂದು ಟೋಪಿ ಇಟ್ಟು ಸಿಡಿಸಿದರೆ ಹೇಗೆ? ಆ ಸಣ್ಣ ಬೆಂಕಿ ನೀರನ್ನು ಒಣಗಿಸುವುದಿಲ್ಲವೇ? ಹಾಗೆ ಮಾಡುವವರು ಇದ್ದಾರೆ. ಅದಕ್ಕೆ ಕೇಳಿದೆ.

ಥೆರನ್


ಶೈಯನ್
೧೭ ಡಿಸೆಂಬರ್ ೧೯೭೮

ಶ್ರೀ ಮ್ಯಾಡಕ್ ಅವರಿಗೆ,

ಹಾಗೆ ಮಾಡುವವರು ಇದ್ದರೆ ಅವರಿಗೆ ಬೇಡವೆಂದು ಹೇಳಿ. ಮುಂದಿನ ಪಂದ್ಯದಲ್ಲಿ ಮದ್ದು ತುಂಬುವ ಮುಂಚೆ ಟೋಪಿ ಸಿಡಿಸಿದರೆ ತಪ್ಪಿಲ್ಲ, ಹೇಗೂ ಸಂಜೆ ತೊಳೆಯುತ್ತಾರೆ. ತೊಳೆದ ಮೇಲೆ ಸಿಡಿಸಿದರೆ ತೊಳೆದದ್ದೇ ದಂಡ. ಟೋಪಿಯ ಹೊಗೆಯೂ ಉಪ್ಪೇ, ಮದ್ದಿಗಿಂತ ಕೆಟ್ಟ ಉಪ್ಪು. ಹಾಗೆ ಸಿಡಿಸಿ ಚರ್ಮದ ಚೀಲಕ್ಕೆ ಹಾಕಿಟ್ಟರಂತೂ ಮೂರೇ ವಾರಕ್ಕೆ ನಳಿಗೆ ಕೆಂಪಾಗುತ್ತದೆ. ಚರ್ಮ ತೇವವನ್ನು ಹಿಡಿದಿಟ್ಟುಕೊಳ್ಳುತ್ತದೆ. ಇಡುವುದು ಹತ್ತಿಬಟ್ಟೆಯಲ್ಲಿ.

ಮತ್ತೆ ಬರೆಯಬಾರದೆಂದಿದ್ದೆ. ಆದರೆ ನಿಮ್ಮ ಹಬೆಯ ಮಾತು ಓದಿ ಎರಡು ದಿನ ಕೈಯಲ್ಲಿ ಕೆಲಸ ಓಡಲಿಲ್ಲ.

ನಾನು ಇಲ್ಲಿ ಒಂದು ಹೋಟೆಲಿನ ಲಾಂಡ್ರಿಯಲ್ಲಿದ್ದೇನೆ. ನನ್ನ ಸುತ್ತಲೂ ದಿನವಿಡೀ ಹಬೆ. ಹಾಸುಬಟ್ಟೆಗಳು ಬಿಳಿಯಾಗಿ ಹೊರಬರುತ್ತವೆ, ಮಡಿಸುತ್ತೇನೆ. ಹಾಸುಬಟ್ಟೆಗೆ ತುಕ್ಕು ಹಿಡಿಯುವುದಿಲ್ಲ. ಆ ಒಂದು ಕಾರಣಕ್ಕೇ ಈ ಕೆಲಸ ಹಿಡಿದೆ ಎಂದರೆ ನಗಬೇಡಿ. ನೀವು ಅಂದದ್ದರ ಮರುವಾರ ಕ್ಲೈಟಸ್ ಬಂದು ತನ್ನದನ್ನು ತೆಗೆದುಕೊಂಡು ಹೋದರು. ಆಮೇಲೆ ಒಬ್ಬೊಬ್ಬರಾಗಿ ಎಲ್ಲರೂ. ಯಾರೂ ಬೈಯಲಿಲ್ಲ. "ಮನೇಲಿ ಪುರುಸೊತ್ತಿದೆ ಐಡೆಲ್ಲಾ, ನಾನೇ ತೊಳ್ಕೋತೀನಿ" ಎನ್ನುತ್ತಿದ್ದರು. ಅಪ್ಪ ಬಿಟ್ಟುಹೋದ ಹೆಸರು ಅದೊಂದೇ ಇತ್ತು ನನ್ನ ಹತ್ತಿರ.

ನಿಮಗೆ ಇದು ತಿಳಿದಿರಲಿ. ನಿಮ್ಮ ಮೇಲೆ ನನಗೆ ಕೋಪ ಇದ್ದದ್ದು ಒಂದು ವರ್ಷ. ಆಮೇಲೆ ನಾನೇ ನಿಮ್ಮ ಮಾತನ್ನು ನಂಬಿದೆ. ಕಣ್ಣಿಗೆ ಕಂಡ ತುಕ್ಕು ಸುಳ್ಳು ಹೇಳುವುದಿಲ್ಲವಲ್ಲ. ಉರುಳೆಯ ಯಾವುದೋ ಒಂದು ಮನೆ ತೊಳೆಯದೆ ಬಿಟ್ಟಿದ್ದೇನೆ, ಯಾವುದು ಎಂದು ಇವತ್ತಿಗೂ ಹುಡುಕುತ್ತೇನೆ. ಮಡಿಸಿದ ಬಟ್ಟೆಯನ್ನು ಬಿಚ್ಚಿ ಮತ್ತೆ ನೋಡುವ ಚಟ ಹತ್ತಿದೆ.

ಟೋಪಿಯ ವಿಷಯ ಯಾಕೆ ಕೇಳಿದಿರಿ?

ಐಡೆಲ್ಲಾ ಕ್ರೌಸ್


ಲೂಪ್ ಕ್ರಾಸಿಂಗ್
೧೧ ಫೆಬ್ರವರಿ ೧೯೭೯

ಐಡೆಲ್ಲಾ,

ನಿನ್ನ ಪತ್ರ ಬಂದು ಏಳು ವಾರವಾಯಿತು. ಅದನ್ನು ಸಕ್ಕರೆ ಡಬ್ಬಿಗೆ ಒರಗಿಸಿಟ್ಟಿದ್ದೇನೆ, ದಿನವೂ ಕಾಫಿಗೆ ಕೈ ಹಾಕುವಾಗ ಅದು ನನ್ನನ್ನು ನೋಡುತ್ತದೆ. ನೀನು ನನ್ನ ಮೇಲೆ ಹಲ್ಲು ಕಡಿಯುತ್ತಿದ್ದೀಯ ಎಂದುಕೊಂಡಿದ್ದೆ. ಅದು ತಡೆದುಕೊಳ್ಳಬಹುದಾಗಿತ್ತು. ನಂಬಿದೆ ಎಂದೆಯಲ್ಲ, ಅದು ಆಗುತ್ತಿಲ್ಲ.

ನೀನು ಯಾವ ಮನೆಯನ್ನೂ ಬಿಡಲಿಲ್ಲ. ಆ ಸೆಪ್ಟೆಂಬರ್ ಪಂದ್ಯದ ಸಂಜೆ ನೀನು ಕೊಟ್ಟ ರಿವಾಲ್ವರನ್ನು ಮನೆಗೆ ತಂದೆ. ಅದು ಇನ್ನೂ ಬೆಚ್ಚಗಿತ್ತು, ಕಾರಿನಲ್ಲಿ ತೊಡೆಯ ಮೇಲಿಟ್ಟುಕೊಂಡಿದ್ದೆ. ಮನೆಗೆ ಬಂದು, ತೊಟ್ಟಿನಲ್ಲಿ ನೀರು ಉಳಿದಿದ್ದರೆ ಎಂದು ನನ್ನ ಬುದ್ಧಿವಂತಿಕೆ ಓಡಿಸಿದೆ. ಅಡುಗೆಮನೆಯ ಬಾಗಿಲಲ್ಲಿ ನಿಂತು ಆರು ಟೋಪಿ ಸಿಡಿಸಿದೆ, ಪಟ ಪಟ ಪಟ ಎಂದು. ಆಮೇಲೆ ಮುತ್ತಾತನ ಚರ್ಮದ ಚೀಲಕ್ಕೆ ಹಾಕಿ ಮೊಳೆಗೆ ತೂಗುಹಾಕಿದೆ. ಗೋಡೆಯ ಮೇಲೆ ಅದು ಚೆನ್ನಾಗಿ ಕಾಣುತ್ತಿತ್ತು.

ಅಕ್ಟೋಬರಿನಲ್ಲಿ ನೀನು ಎಲ್ಲರೆದುರು ಕೇಳಿದ್ದು ಒಂದೇ ಪ್ರಶ್ನೆ: "ನಾನು ಕೊಟ್ಮೇಲೆ ಹಾರಿಸಿದ್ರಾ?" ನಾನು ಇಲ್ಲ ಎಂದೆ. ಸುಳ್ಳು ಹೇಳುತ್ತಿದ್ದೇನೆಂದು ಆಗ ನನಗೆ ಗೊತ್ತಿರಲಿಲ್ಲ. ಟೋಪಿ ಸಿಡಿಸುವುದನ್ನು ನಮ್ಮಲ್ಲಿ ಯಾರು ಹಾರಿಸುವುದು ಅನ್ನುತ್ತಾರೆ? ಗುಂಡು ಹೋಗಲಿಲ್ಲ, ಹಾಗಾಗಿ ಹಾರಿಸಲಿಲ್ಲ. ನೀನು ಏಪ್ರನ್ ಬಿಚ್ಚಿ ಮೇಜಿನ ಮೇಲೆ ಮಡಿಸಿಟ್ಟು ನಡೆದೆ.

ಮುಂದಿನ ವಸಂತದಲ್ಲಿ ಅದೇ ಬುದ್ಧಿವಂತಿಕೆ ಇನ್ನೊಂದು ರಿವಾಲ್ವರಿನ ಮೇಲೆ ತೋರಿಸಿದೆ. ಅದೂ ಕೆಂಪಾಯಿತು. ಆ ದಿನವೇ ಗೊತ್ತಾಯಿತು. ನೀನು ಊರು ಬಿಟ್ಟು ಒಂದು ತಿಂಗಳೂ ಆಗಿರಲಿಲ್ಲ. ಬಸ್ಸು ಹತ್ತಿದ್ದರೆ ಸಂಜೆಗೆ ಬಂದು ಹೇಳಬಹುದಾಗಿತ್ತು. ಹೇಳಲಿಲ್ಲ. ಇವತ್ತು ಬೇಡ, ಸುಗ್ಗಿ ಮುಗಿಯಲಿ ಎಂದುಕೊಂಡೆ. ಸುಗ್ಗಿ ಹತ್ತು ಸಲ ಮುಗಿಯಿತು. ಊರಿಗೆಲ್ಲ ಗಾಳಿಯಂತ್ರ ಸರಿಮಾಡುವ ಮ್ಯಾಡಕ್, ಅವನ ಮಾತು ಎಂದರೆ ಮಾತು. ಆ ಹೆಸರು ನನಗೆ ರುಚಿಯಾಗಿತ್ತು ಐಡೆಲ್ಲಾ. ನಿನ್ನದನ್ನು ತೆಗೆದು ನನ್ನದನ್ನು ಉಳಿಸಿಕೊಂಡೆ.

ನೀರಿನ ಬಿಸಿ ಕೇಳಿ ಬರೆದದ್ದು ನೆಪ. ಕೈ ಪೂರ್ತಿ ಕೆಡುವ ಮುಂಚೆ ನನ್ನ ಅಕ್ಷರದಲ್ಲೇ ಇದನ್ನು ಬರೆಯಬೇಕಿತ್ತು, ಇನ್ನೊಬ್ಬರಿಂದ ಬರೆಸುವ ಮಾತಲ್ಲ. ಬರೆಯಲು ಹೊರಟು ನೀರಿನ ಬಳಿ ನಿಂತುಬಿಟ್ಟೆ. ಹೇಡಿತನಕ್ಕೆ ಎಷ್ಟು ಬಾಗಿಲುಗಳಿರುತ್ತವೆ ನೋಡು.

ಥೆರನ್


ಲೂಪ್ ಕ್ರಾಸಿಂಗ್
೨೫ ಮಾರ್ಚ್ ೧೯೭೯

ಐಡೆಲ್ಲಾ,

ನೀನು ಬರೆಯಲಿಲ್ಲ. ಬರೆಯಬೇಕೆಂದು ಕೇಳುವ ಮುಖ ನನಗಿಲ್ಲ.

ಹಿಮ ಕರಗುತ್ತಿದೆ. ಗುಡ್ಡದ ನಡುವಿನ ತಗ್ಗುಗಳಲ್ಲೆಲ್ಲ ನೀರು ನಿಂತು, ಒಂದೊಂದರಲ್ಲೂ ಒಂದು ಆಕಾಶ. ಕೊಕ್ಕರೆಗಳು ಬಂದಿವೆ, ಮಧ್ಯಾಹ್ನದ ನಿದ್ದೆಯಲ್ಲಿ ಅವುಗಳ ಕೂಗು ಕೇಳಿ ನಾನು ಯಾವ ವರ್ಷದಲ್ಲಿದ್ದೇನೆ ಎಂದು ಮರೆಯುತ್ತೇನೆ. ಕೆಲವು ಸಲ ಅರವತ್ತೇಳರಲ್ಲೇ ಇರುತ್ತೇನೆ, ಕೈಯಲ್ಲಿ ಟೋಪಿಗಳ ಡಬ್ಬಿ ಇರುತ್ತದೆ, ಮುಚ್ಚಳ ತೆಗೆಯದೆ ಹಾಗೇ ಇಟ್ಟುಬಿಡುತ್ತೇನೆ. ಎಚ್ಚರಾದಾಗ ಎರಡು ಕ್ಷಣ ಬಹಳ ಸುಖ.

ಏಪ್ರಿಲ್ ಇಪ್ಪತ್ತೆಂಟಕ್ಕೆ ವರ್ಷದ ಮೊದಲ ಪಂದ್ಯ. ನಿನಗೆ ಎಲ್ಲಿ ನಿಂತು ಅಂದೆನೋ ಅಲ್ಲೇ ನಿಂತು ಹೇಳುತ್ತೇನೆ.

ಥೆರನ್


ಲೂಪ್ ಕ್ರಾಸಿಂಗ್
೨೯ ಏಪ್ರಿಲ್ ೧೯೭೯

ಐಡೆಲ್ಲಾ,

ಹೇಳಿದೆ. ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ.

ಗುಂಡಿನ ಸುತ್ತು ಮುಗಿದಿತ್ತು. ಬಯಲಿನ ತುಂಬ ಬಿಳಿ ಹೊಗೆ, ಗಾಳಿಯಿಲ್ಲದ ದಿನವಾದ್ದರಿಂದ ಅದು ಹೋಗುವ ಮನಸ್ಸಿಲ್ಲದೆ ಮಂಡಿಯೆತ್ತರಕ್ಕೆ ನಿಂತಿತ್ತು. ಜನ ಹೊಗೆಯ ಮೇಲೆ ತೇಲಿಕೊಂಡು ಊಟದ ಮೇಜಿಗೆ ಬರುತ್ತಿದ್ದರು. ವೈನೋನಾ ಕೋಸು, ಮಾಂಸ ತುಂಬಿದ ಬನ್ನುಗಳನ್ನು ಹಂಚುತ್ತಿದ್ದಳು. ನಾನು ನಿಮ್ಮಪ್ಪನ ತಗಡಿನ ಮೇಜಿನ ಪಕ್ಕ ನಿಂತು ತಲೆಯ ಹ್ಯಾಟು ತೆಗೆದೆ.

"ಸ್ವಲ್ಪ ಕೇಳಿ" ಎಂದೆ.

ಅಧ್ಯಕ್ಷ ಬರ್ಡೆಟ್ ಬಾಯಿ ತುಂಬಿಕೊಂಡೇ, "ಭಾಷಣ ಬೇರೆ ಮಾಡ್ತೀಯೇನಪ್ಪಾ? ಬನ್ ಆರೋಗುತ್ತೆ!" ಎಂದ.

ಕ್ಲೈಟಸ್, "ಮದ್ವೆ ಆಗ್ತಿದಾನೆ ಕಣ್ರೋ, ಮುಖ ನೋಡಿ!" ಎಂದ. ಎಲ್ಲರೂ ನಕ್ಕರು.

ನಗು ನಿಲ್ಲುವವರೆಗೆ ನಿಂತೆ. ಆಮೇಲೆ ನಿನಗೆ ಬರೆದದ್ದನ್ನೇ ಹೇಳಿದೆ, ಆರು ಟೋಪಿ, ಚರ್ಮದ ಚೀಲ, ಮುಂದಿನ ವಸಂತ, ಹತ್ತು ವರ್ಷ. ಹೇಳುತ್ತಿರುವಾಗಲೇ ಕೈಯಿಂದ ಹ್ಯಾಟು ಬಿದ್ದುಹೋಯಿತು. ಯಾರೂ ಎತ್ತಿಕೊಡಲಿಲ್ಲ.

ಮೊದಲು ಮಾತಾಡಿದವಳು ವೈನೋನಾ. "ಹತ್ತು ವರ್ಷ ನಮ್ಮನೇಲಿ ಕೂತು ಕಾಫಿ ಕುಡಿದ್ಯಲ್ಲೋ. ಅವಳ ಮಾತು ಬಂದಾಗೆಲ್ಲ ತಲೆ ತಗ್ಸಿದ್ದು ನೋಡಿ, ಪಾಪ, ಒಳ್ಳೆಯವ್ನು, ಅವಳ್ನ ಬೈಯಕ್ಕೆ ಇಷ್ಟ ಇಲ್ಲ ಅಂದ್ಕೋತಿದ್ದೆ ನಾನು. ಥೂ!"

ಬರ್ಡೆಟ್, "ಇರು ವೈನೋನಾ" ಎಂದ.

"ಯಾಕಿರ್ಲಿ? ನೀವೇನು ಸಾಚಾಗಳಾ? ಅವಳ ಹತ್ರ ಹೋಗಿ ಒಬ್ರಾದ್ರೂ ಕೇಳಿದ್ರಾ, ಏನಾಯ್ತಮ್ಮಾ ಅಂತ? ನಿನ್ನದೂ ಹೋಗಿ ಕಿತ್ಕೊಂಡ್ ಬಂದ್ಯಲ್ಲ ಕ್ಲೈಟಸ್, ಹೇಳು ಈಗ ಜೋಕು!"

ಕ್ಲೈಟಸ್ ತಟ್ಟೆ ಕೆಳಗಿಟ್ಟು, "ಕೊಡೋವಾಗ ಅವಳು ನನ್ನದನ್ನ ಹೊಸ ಬಟ್ಟೇಲಿ ಸುತ್ತಿ ಕೊಟ್ಳು. 'ಮೂರ್ನೇ ದಿನ ನೋಡಿ ಕ್ಲೈಟಸ್' ಅಂದ್ಳು. ಅಷ್ಟೇ ಅಂದಿದ್ದು" ಎಂದ. ಅಷ್ಟು ದೊಡ್ಡ ಮನುಷ್ಯ ಬೆಂಚಿನ ಮೇಲೆ ಕುಸಿದು ಕೂತ.

ಈ ವರ್ಷ ನಾನು ಗುರಿ ಹೊಡೆಯುವ ಹಾಗಿಲ್ಲ ಎಂದು ಬರ್ಡೆಟ್ ತೀರ್ಪು ಕೊಟ್ಟ. ಹೇಗೂ ಹೊಡೆದದ್ದು ಗುರಿಗೆ ಬೀಳುತ್ತಿರಲಿಲ್ಲ. ವಾಪಸ್ ಬರುವಾಗ ಯಾರೂ ಕಾರಿಗೆ ಹತ್ತಿಸಿಕೊಳ್ಳಲಿಲ್ಲ. ಎರಡು ಮೈಲಿ ನಡೆದೆ. ಸಂಜೆಗೆ ಗಾಳಿ ಎದ್ದು ಹುಲ್ಲು ಎರಡೂ ಕಡೆ ಬಾಗಿ ಏಳುತ್ತಿತ್ತು. ನನಗೆ ಹಗುರಾಗಬೇಕಿತ್ತು, ಪುಸ್ತಕಗಳಲ್ಲಿ ಹಾಗೆ ಬರೆದಿರುತ್ತದೆ. ಆಗಲಿಲ್ಲ. ಮೊದಲ ಸಲ ಅದರ ಪೂರ್ತಿ ಭಾರ ಗೊತ್ತಾಯಿತು, ಅಷ್ಟೇ.

ಜೂನ್ ಪಂದ್ಯಕ್ಕೆ ನಿನ್ನನ್ನು ಕರೆಯಬೇಕೆಂದು ಎಲ್ಲರೂ ಸಹಿ ಹಾಕಿದ ಕಾಗದ ಇದರ ಜೊತೆಗಿದೆ. ನನ್ನ ಸಹಿ ಅದರಲ್ಲಿಲ್ಲ, ಹಾಕಬಹುದೋ ಇಲ್ಲವೋ ಎಂದು ಗೊತ್ತಾಗಲಿಲ್ಲ.

ಥೆರನ್


ಶೈಯನ್
೨೦ ಮೇ ೧೯೭೯

ಥೆರನ್,

ಫೆಬ್ರವರಿಯ ನಿನ್ನ ಪತ್ರವನ್ನು ಒಮ್ಮೆ ಓದಿ ಹರಿದುಹಾಕಿದೆ. ಆಮೇಲೆ ತುಂಡುಗಳನ್ನು ಆಯ್ದು ಇಸ್ತ್ರಿ ಮೇಜಿನ ಮೇಲೆ ಜೋಡಿಸಿ ಇನ್ನೊಮ್ಮೆ ಓದಿದೆ. ಆರು ಟೋಪಿ ಎಂಬ ಮಾತಿದ್ದ ತುಂಡನ್ನು ಎಷ್ಟು ಹೊತ್ತು ಹಿಡಿದು ನಿಂತಿದ್ದೆನೋ. ಬಟ್ಟೆ ಸುಟ್ಟ ವಾಸನೆ ಬಂದ ಮೇಲೆ ಈ ಲೋಕಕ್ಕೆ ಬಂದೆ.

ಕ್ಷಮಿಸಿದ್ದೇನೆ ಎಂದು ಬರೆಯಲು ಮೂರು ಸಲ ಕೂತೆ. ಬರಲಿಲ್ಲ. ನೀನು ತಿಳಿಯದೆ ಅಂದದ್ದನ್ನು ಬಿಟ್ಟುಬಿಡಬಲ್ಲೆ. ತಿಳಿದ ಮೇಲಿನ ಹತ್ತು ವರ್ಷವನ್ನು ಬಿಡಲು ನನಗೆ ಇನ್ನೂ ಕಾಲ ಬೇಕು. ಅದು ಬರುತ್ತದೋ ಇಲ್ಲವೋ, ಮಾತು ಕೊಡಲಾರೆ.

ಆದರೆ ನಿನಗೆ ಗೊತ್ತಿಲ್ಲದ ಒಂದು ಸಂಗತಿ ಇದೆ. ಆ ಸೆಪ್ಟೆಂಬರ್ ಪಂದ್ಯದ ಬೆಳಿಗ್ಗೆ ನೀನು ಮೇಜಿನ ಹತ್ತಿರ ಬಂದು, "ಭಾನುವಾರ ಬಾ ಐಡೆಲ್ಲಾ, ದೊಡ್ಡ ಗಾಳಿಯಂತ್ರದ ಮೇಲಿಂದ ಗುಡ್ಡ ತೋರಿಸ್ತೀನಿ, ಅಷ್ಟು ಮೇಲಿಂದ ಅವು ನಡೀತಾ ಇರೋ ಹಾಗೆ ಕಾಣುತ್ತೆ" ಎಂದೆ. ನೀನು ಯಾರಿಗೂ ಹಾಗೆ ಹೇಳಿದವನಲ್ಲ. ಹೇಳಿದ್ದು ನಿನಗೆ ಮರೆತೇ ಹೋಗಿರಬಹುದು, ಭಾನುವಾರ ಮಳೆ ಬಂತು. ನನಗಾಗ ನಲವತ್ತೆಂಟು ವರ್ಷ. ಆ ದಿನವೆಲ್ಲ ನಾನು ತೊಳೆಯುತ್ತ ಹಾಡಿಕೊಳ್ಳುತ್ತಿದ್ದೆ. ನಿನ್ನ ರಿವಾಲ್ವರ್ ತೊಳೆಯುವಾಗಂತೂ ನನ್ನ ಕಾಲು ನೆಲದ ಮೇಲಿರಲಿಲ್ಲ.

ಕೋಪ ಇಳಿದು ಆ ತುಕ್ಕನ್ನು ನೆನೆದಾಗ ನನಗೆ ಹೊಳೆದದ್ದು ಅದೇ. ಸಂತೋಷದಲ್ಲಿ ಕೈ ತಪ್ಪಿತು ಎಂದುಕೊಂಡೆ. ಹತ್ತು ವರ್ಷ ಹಾಗೆಯೇ ನಂಬಿ ಬದುಕಿದೆ ಥೆರನ್. ಎಲ್ಲಾದರೂ ಸ್ವಲ್ಪ ಮನಸ್ಸು ಹಗುರಾದರೆ ಕೂಡಲೇ ಕೈ ನೋಡಿಕೊಳ್ಳುತ್ತಿದ್ದೆ, ಏನು ಕೆಡಿಸಿದೆ ಎಂದು. ನೀನು ನನ್ನಿಂದ ತೆಗೆದದ್ದು ಹೆಸರಲ್ಲ. ಹೆಸರನ್ನು ಅವರು ಕಾಗದದಲ್ಲಿ ಸಹಿ ಹಾಕಿ ವಾಪಸ್ ಕಳಿಸಿದ್ದಾರೆ.

ಜೂನ್ ಪಂದ್ಯಕ್ಕೆ ಬರುತ್ತೇನೆ. ನೀರು ಕಾಯಿಸುವ ಕೆಲಸ ನಿನ್ನದು, ಅದಕ್ಕೆ ನಡುಗುವ ಕೈ ಸಾಕು.

ನಿನ್ನೆ ಹಾಸುಬಟ್ಟೆ ಮಡಿಸುತ್ತಿದ್ದೆ. ಪಕ್ಕದ ಮೇಜಿನ ರೊಸಾಲ್ಬಾ ಕೆಲಸ ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದಳು. ಏನು ಎಂದು ಕೇಳಿದೆ.

"ಏನಿಲ್ಲ ಅಕ್ಕಾ, ಹಾಡು, ನಿಲ್ಲಿಸ್ಬೇಡ" ಎಂದಳು. "ಒಂಬತ್ತು ವರ್ಷ ಪಕ್ಕದಲ್ಲೇ ನಿಂತಿದೀನಿ, ನಿನಗೆ ಹಾಡಕ್ಕೆ ಬರುತ್ತೆ ಅಂತ್ಲೇ ಗೊತ್ತಿರ್ಲಿಲ್ಲ."

ಐಡೆಲ್ಲಾ